ಮೊಣಕಾಲಿಗೆ ಏನೂ ಆಗಿರಲಿಲ್ಲ

ಹನುಮಸಾಗರ

ಸೆಪ್ಟೆಂಬರ್ ಹತ್ತು, 2012, ಸೋಮವಾರ. ಬೆಳಗ್ಗೆ ಏಳೂ ಕಾಲು. ಸ್ಥಳ ಹನುಮಸಾಗರದ ಬಸ್ ನಿಲ್ದಾಣ. ಹಾಜರಿದ್ದವರು: ನಾನು, ನೀಲವ್ವಕ್ಕ, ಮತ್ತು ನೀಲವ್ವಕ್ಕನ ಕೈಯಲ್ಲಿ ಒಂದು ಗಂಟು.

ಮೂವತ್ತಮೂರು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು ನಾನು. ಯಲಬುರ್ಗಾ, ಗಂಗಾವತಿ, ಕೊನೆಗೆ ಕುಷ್ಟಗಿ. ಡ್ಯೂಟಿ ಮುಗಿಯುವಾಗ ವರದಿ ಪುಸ್ತಕದಲ್ಲಿ ಹೀಗೇ ಬರೆಯಬೇಕಿತ್ತು: ತಾರೀಖು, ವೇಳೆ, ಯಾರಿದ್ದರು, ಏನಾಯಿತು, ಕೊನೆಗೆ ಮಾಡಿದ ಕೆಲಸ ಯಾವುದು. ನಿವೃತ್ತಿಯ ಮೇಲೂ ನನಗೆ ಬೇರೆ ರೀತಿ ಬರೆಯಲು ಬಾರದು. ಮುಖ್ಯ ವಿಷಯ ಮೊದಲು ಬರಬೇಕು ಎಂಬುದು ವರದಿಯ ಇನ್ನೊಂದು ನಿಯಮ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಾನು ಇಂಗ್ಲೆಂಡಿಗೆ ಹೋದದ್ದು ನನ್ನ ಗೆಳತಿ ರತ್ನಾಳನ್ನು ನೋಡಲು. ಆಕೆಗೆ ಹೊಟ್ಟೆಯಲ್ಲಿ ಕ್ಯಾನ್ಸರ್, ಗುಣವಾಗುವ ಹಂತ ದಾಟಿತ್ತು. ನಾನು ಊರಿಗೆ ಮರಳಿದ ಹತ್ತೊಂಬತ್ತನೇ ದಿನ ತೀರಿಕೊಂಡಳು. ಅದಕ್ಕಾಗಿ ಓದುಗರು ಕೊನೆಯ ಪುಟದ ತನಕ ಉಸಿರು ಹಿಡಿದು ಕೂರಬೇಕಾಗಿಲ್ಲ.

ರತ್ನಾ ನೀಲವ್ವಕ್ಕನ ತಂಗಿ. ತಾಯಿ ಬೇಗ ಹೋದ್ದರಿಂದ ಆಕೆಗೆ ಹೆರಳು ಹಾಕಿ ಸಾಲೆಗೆ ಕಳಿಸಿದವಳು ಈ ಅಕ್ಕನೇ. ನರ್ಸಿಂಗ್ ಹಾಸ್ಟೆಲಿನಲ್ಲಿ ಮೂರು ವರ್ಷ ರತ್ನಾಳದು ನನ್ನ ಪಕ್ಕದ ಮಂಚ. ಆಮೇಲೆ ನಾನು ಸರ್ಕಾರಿ ಕೆಲಸ ಹಿಡಿದೆ, ಆಕೆ ಗಲ್ಫಿಗೆ ಹೋದಳು, ಅಲ್ಲಿಂದ ಇಂಗ್ಲೆಂಡಿಗೆ. ಮದುವೆಯ ಗೊಡವೆಗೆ ಹೋಗಲಿಲ್ಲ. ಜೂನ್ ತಿಂಗಳಲ್ಲಿ ಅಲ್ಲಿಂದ ಫೋನು ಬಂತು.

"ಶಾಂತಾ, ಅಕ್ಕಗ ಇದನ್ನ ಹೇಳಾಕ ನನಗ ಬಾಯಿ ಬರವೊಲ್ದು. ನೀ ಹೋಗಿ, ಎದುರು ಕುಂತು ಹೇಳು. ಆಮ್ಯಾಲ ನಾ ಮಾತಾಡತೀನಿ."

ಹೋದೆ. ಹನುಮಸಾಗರಕ್ಕೆ ಹೋಗುವ ಬಸ್ಸಿನಲ್ಲಿ ಮೂರು ವಾಕ್ಯ ಸಿದ್ಧ ಮಾಡಿಕೊಂಡೆ. ನೀಲವ್ವಕ್ಕ ಮಂಡಕ್ಕಿ ಒಗ್ಗರಣೆ, ಮಿರ್ಚಿ ಇಟ್ಟು ಎದುರಿಗೆ ಕುಳಿತು, "ನಮ್ಮ ರತ್ನಿಗೆ ಏನಾಗೇತಿ? ಫೋನಿನ್ಯಾಗ ದನಿ ಸಣ್ಣ ಆಗೇತಿ" ಅಂದಳು. ನನ್ನ ಬಾಯಿ ತುಂಬ ಮಿರ್ಚಿ. ಅದನ್ನು ನುಂಗಿದಾಗ ಮೂರು ವಾಕ್ಯವೂ ಅದರ ಜೊತೆಗೇ ಇಳಿದುಹೋದವು. ಹೊರಗೆ ಬಂದದ್ದು, "ಏನಿಲ್ಲ ಯಕ್ಕಾ, ಮೊಣಕಾಲು ನೋವು."

ಮೂವತ್ತಮೂರು ವರ್ಷ ರೋಗಿಗಳ ಕಡೆಯವರಿಗೆ "ಏನಿಲ್ರಿ, ಆರಾಮ ಆಗತಾರ" ಅಂದು ಪಳಗಿದ ನಾಲಿಗೆ. ಅದಕ್ಕೆ ಬೇರೆ ಹಾದಿ ಗೊತ್ತಿರಲಿಲ್ಲ. ಮನೆಗೆ ಬಂದು ರತ್ನಾಗೆ ಫೋನು ಮಾಡಿ "ಹೇಳೀನಿ" ಅಂದೆ. ಏನು ಹೇಳಿದಿ ಎಂದು ಆಕೆ ಕೇಳಲಿಲ್ಲ.

ಹೀಗೆ ಒಂದು ಮೊಣಕಾಲು ಇಬ್ಬರು ಅಕ್ಕತಂಗಿಯರ ನಡುವೆ ಮೂರು ತಿಂಗಳು ನಿಂತಿತ್ತು. ನೀಲವ್ವಕ್ಕ ಪ್ರತಿ ರವಿವಾರ ಫೋನಿನಲ್ಲಿ ತಂಗಿಯ ಕಾಲು ವಿಚಾರಿಸುವಳು. ಅಕ್ಕನಿಗೆ ಎಲ್ಲ ಗೊತ್ತಿದೆ, ಗೊತ್ತಿದ್ದೂ ಮಾತು ಮರೆಸುತ್ತಾಳೆ ಎಂದು ರತ್ನಾ ತಿಳಿದಿದ್ದಳು. ಖರೆ ಸಂಗತಿ ಗೊತ್ತಿದ್ದವಳು ನಾನೊಬ್ಬಳೇ. ಈಗ ಇಂಗ್ಲೆಂಡಿಗೆ ಹೊರಟು, ಬಸ್ ನಿಲ್ದಾಣದಲ್ಲಿ ಅಕ್ಕನ ಎದುರು ಕೈಯಲ್ಲಿ ಪಾಸ್‌ಪೋರ್ಟ್ ಹಿಡಿದು ನಿಂತಿದ್ದೆ.

ನೀಲವ್ವಕ್ಕ ಗಂಟು ಕೊಟ್ಟಳು. "ಸಿಸ್ಟರವ್ವಾ, ಇದರಾಗ ಎಕ್ಕದ ಎಲಿ ಅದಾವ, ಹರಳೆಣ್ಣಿ ಐತಿ. ಎಲಿಗೆ ಎಣ್ಣಿ ಸವರಿ, ಹಂಚಿನ ಮ್ಯಾಲ ಬೆಚ್ಚಗ ಮಾಡಿ ಮೊಣಕಾಲಿಗೆ ಕಟ್ಟು. ಮೂರು ದಿನದಾಗ ಓಡ್ಯಾಡತಾಳ."

"ವಿಮಾನದವರು ಎಲಿ ಒಯ್ಯಾಕ ಬಿಡಂಗಿಲ್ಲ ಯಕ್ಕಾ."

"ಯಾಕ, ಅವರಿಗೆ ಮೊಣಕಾಲ ಇಲ್ಲೇನು?"

ಗಂಟನ್ನು ಪೆಟ್ಟಿಗೆಗೆ ಸೇರಿಸಿದೆ. ಆಕೆ ದನಿ ಇಳಿಸಿ, "ಬರೋ ಶನಿವಾರ ನಾ ಅಂಜನಾದ್ರಿ ಹತ್ತತೀನಿ. ಆಕಿ ಕಾಲಿನ ಸಲುವಾಗಿ ಹರಕಿ ಹೊತ್ತೀನಿ" ಅಂದಳು.

ನೀಲವ್ವಕ್ಕನಿಗೆ ಎಪ್ಪತ್ತೊಂದು. ಕುಳಿತು ಎದ್ದರೆ ಮೊಣಕಾಲು ಒಣ ಶೇಂಗಾ ಸುಲಿದ ಹಾಗೆ ಸಪ್ಪಳ ಮಾಡುತ್ತವೆ. ಅಂಜನಾದ್ರಿ ಹನುಮಪ್ಪನ ಬೆಟ್ಟ, ಮೆಟ್ಟಿಲು ಐನೂರಕ್ಕೂ ಮೇಲೆ.

"ನಿಮ್ಮ ಮೊಣಕಾಲು?"

"ನಮ್ಮವೇನು ಬಿಡು, ಹಳೇವು. ಆಕೀವು ಇನ್ನೂ ಬಾಳಬೇಕು."

ಬಸ್ಸು ಬಂತು. ಹತ್ತಿದೆ. ನಾನು ಅಕ್ಕನಿಗೆ ಖರೆ ಹೇಳಲು ಅನುಕೂಲವಾಗುವಂತೆ ಹುನಗುಂದದ ಕಡೆಯಿಂದ ಬರುವ ಬಸ್ಸು ಇನ್ನೂ ಹತ್ತು ನಿಮಿಷ ತಡಮಾಡಬಹುದಿತ್ತು. ಆವತ್ತೇ ಅದು ಸಮಯಕ್ಕೆ ಸರಿಯಾಗಿ ಬರಬೇಕೆ?

ವಿಮಾನ ಇಳಿದಲ್ಲಿ

ವಿಮಾನದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಇಳಿಯುವ ಮೊದಲು ನನ್ನ ಸಾಲಿನ ಒಂಬತ್ತು ಕಂಬಳಿಗಳನ್ನು ಮಡಚಿ, ಅಂಚು ಒಂದೇ ಕಡೆ ಬರುವಂತೆ ಜೋಡಿಸಿಟ್ಟೆ. ಗಗನಸಖಿ ಬಂದು ನೋಡಿ, ನೀವು ಮೊದಲು ಯಾವ ವಿಮಾನ ಕಂಪನಿಯಲ್ಲಿದ್ದಿರಿ ಎಂದು ಕೇಳಿದಳು.

ಇಳಿದ ಮೇಲೆ ಸುಂಕದ ಅಧಿಕಾರಿ ನನ್ನ ಪೆಟ್ಟಿಗೆ ತೆರೆಸಿದ. ಎತ್ತರದ ಮನುಷ್ಯ. ತಪ್ಪು ನನ್ನದಾದರೂ ಎರಡು ಸಲ 'ಕ್ಷಮಿಸಿ' ಅಂದ. ಈ ದೇಶದಲ್ಲಿ ಬಾಗಿಲಿಗೆ ಡಿಕ್ಕಿ ಹೊಡೆದರೂ ಬಾಗಿಲಿಗೆ ಕ್ಷಮೆ ಕೇಳುತ್ತಾರೆ. ನಮ್ಮ ಕಡೆ ಬಾಗಿಲನ್ನು ಬೈಯುತ್ತೇವೆ. ಆತ ಮೊದಲು ಖಡಕ್ ರೊಟ್ಟಿಯ ಕಟ್ಟು ಎತ್ತಿ, ಬೆರಳಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದ. ಇದು ಊಟದ ಪದಾರ್ಥವೆಂದು ತೋರಿಸಲು ನಾನು ಒಂದು ತುಂಡು ಕಡಿದೆ. ಆ ಸಪ್ಪಳಕ್ಕೆ ಪಕ್ಕದ ಸಾಲಿನ ಅಧಿಕಾರಿಯೂ ತಿರುಗಿ ನೋಡಿದ. ರೊಟ್ಟಿ ಪಾರಾಯಿತು. ಬಾಟಲಿ ಮೂಸಿ ನೋಡಿ ಎಣ್ಣೆಯನ್ನೂ ಬಿಟ್ಟ. ಆಮೇಲೆ ಒದ್ದೆ ಅರಿವೆಯಲ್ಲಿ ಸುತ್ತಿದ್ದ ಎಕ್ಕದ ಎಲೆಗಳು ಹೊರಬಂದವು. ತೊಟ್ಟಿನಿಂದ ಇನ್ನೂ ಬಿಳಿ ಹಾಲು ಜಿನುಗುತ್ತಿತ್ತು. ಆತ ಕೈಗವಸು ಹಾಕಿಕೊಂಡ.

"ಇದು ಏತಕ್ಕೆ?"

"ಮೊಣಕಾಲಿಗೆ."

"ನಿಮ್ಮ ಮೊಣಕಾಲಿಗೆ?"

"ಅಲ್ಲ, ಗೆಳತಿಯ ಮೊಣಕಾಲಿಗೆ."

"ಅವರ ಮೊಣಕಾಲಿಗೆ ಏನಾಗಿದೆ?"

ಆತನ ಟೋಪಿ, ಸಮವಸ್ತ್ರ, ಪೆನ್ನು ಹಿಡಿದು ಕಾಯುವ ರೀತಿ ನೋಡಿ ನನಗೆ ಸುಳ್ಳು ಹೇಳಲಾಗಲಿಲ್ಲ. ಸಮವಸ್ತ್ರದ ಎದುರು ನಾನು ಯಾವತ್ತೂ ಸುಳ್ಳು ಹೇಳಿದವಳಲ್ಲ.

"ಏನೂ ಆಗಿಲ್ಲ," ಅಂದೆ. "ಮೊಣಕಾಲು ಚೆನ್ನಾಗಿವೆ."

ಆತ ಪೆನ್ನು ಕೆಳಗಿಟ್ಟ. ಮೂರು ತಿಂಗಳಲ್ಲಿ ಈ ಸತ್ಯ ಮೊದಲು ಗೊತ್ತಾದದ್ದು ಹನುಮಸಾಗರಕ್ಕೂ ಅಲ್ಲ, ರತ್ನಾಗೂ ಅಲ್ಲ, ಹೆಸರು ಗೊತ್ತಿಲ್ಲದ ಒಬ್ಬ ಸುಂಕದವನಿಗೆ. ಎಲೆಗಳನ್ನು ಆತ ಇಟ್ಟುಕೊಂಡ. ನನಗೆ ಒಂದು ಚೀಟಿ ಕೊಟ್ಟು ಮತ್ತೊಮ್ಮೆ ಕ್ಷಮೆ ಕೇಳಿದ.

ಬುಧವಾರ: ಫಿನಾಯಿಲ್ ಇಲ್ಲದ ಆಸ್ಪತ್ರೆ

ರತ್ನಾ ಇದ್ದದ್ದು ಸಮುದ್ರದ ಹತ್ತಿರದ ಒಂದು ಸಣ್ಣ ಊರಿನ ಹಾಸ್ಪಿಸ್‌ನಲ್ಲಿ. ರೋಗ ಗುಣವಾಗುವುದಿಲ್ಲ ಎಂದಾದ ಮೇಲೆ ನೋವು, ವಾಂತಿ, ದಮ್ಮು, ಅಂಜಿಕೆ ಇವುಗಳಿಗೆ ಔಷಧ ಮಾಡುವ ಮನೆ ಅದು. ಕೆಲವರು ವಾರವಿದ್ದು ನೋವು ಹತೋಟಿಗೆ ಬಂದ ಮೇಲೆ ಮನೆಗೆ ಹೋಗುತ್ತಾರೆ. ಕೆಲವರು ಅಲ್ಲೇ ಉಳಿಯುತ್ತಾರೆ. ನನ್ನ ನೌಕರಿಯಲ್ಲಿ ಇಂಥವರಿಗೆ ನಮ್ಮಲ್ಲಿದ್ದ ಔಷಧ ಒಂದೇ ಮಾತು: "ಇನ್ನ ಮನೀಗೆ ಕರಕೊಂಡು ಹೋಗ್ರಿ." ಅಷ್ಟು ಹೇಳಿ ನಾವು ಮುಂದಿನ ಮಂಚಕ್ಕೆ ಹೋಗುತ್ತಿದ್ದೆವು.

ಒಳಗೆ ಕಾಲಿಟ್ಟ ಕೂಡಲೇ ನನಗೆ ಅನುಮಾನ ಬಂತು. ಫಿನಾಯಿಲ್ ವಾಸನೆ ಇಲ್ಲದ ಆಸ್ಪತ್ರೆಯನ್ನು ನಾನು ನಂಬುವುದಿಲ್ಲ. ಬಾಗಿಲಲ್ಲಿ ಒಂದು ಕಂದು ನಾಯಿ ಮಲಗಿತ್ತು. ಗಂಗಾವತಿಯಲ್ಲಿ ನಾನು ವಾರ್ಡಿನಿಂದ ಓಡಿಸಿದ ನಾಯಿಗಳಿಗೆ ಲೆಕ್ಕವಿಲ್ಲ, ಕೈ ತಾನಾಗಿ ಕೊಡೆ ಎತ್ತಿತು. ಆಗ ಹೆಲೆನ್ ಎಂಬ ಹಿರಿಯ ನರ್ಸ್ ಬಂದು ನಾಯಿಯನ್ನು ನನಗೆ ಪರಿಚಯಿಸಿದಳು. ಅದು ರತ್ನಾಳ ಪಕ್ಕದ ಕೋಣೆಯ ಟಾಮ್ ಎಂಬ ನಿವೃತ್ತ ಅಂಚೆಯವರ ನಾಯಿ. ದಿನಾ ಯಜಮಾನನನ್ನು ನೋಡಲು ಬರುತ್ತದೆ.

"ಭೇಟಿಯ ವೇಳೆ ಎಷ್ಟರಿಂದ ಎಷ್ಟು?" ಎಂದು ಕೇಳಿದೆ.

"ಯಾವಾಗ ಬೇಕಾದರೂ."

"ನಾಯಿಗೂ?"

"ನಾಯಿಗೂ."

ನಾಲ್ಕರಿಂದ ಆರು ಎಂದು ಗಂಟೆ ಬಾರಿಸಿ, ಬುತ್ತಿ ತಂದವರನ್ನೂ ಗೇಟಿನ ಹೊರಗೆ ನಿಲ್ಲಿಸಿದವಳು ನಾನು. ಈಗ ನನ್ನ ಕೈಯಲ್ಲೇ ಬುತ್ತಿ.

ಅಷ್ಟರಲ್ಲಿ ಗಾಲಿ ಮೇಜೊಂದು ಕಿರುಗುಟ್ಟುತ್ತ ಬಂತು. ಅದರ ಮೇಲೆ ಬಾಟಲಿಗಳ ಸಾಲು. ಅಂತೂ ಡ್ರೆಸಿಂಗ್ ಟ್ರಾಲಿ, ಸ್ಪಿರಿಟ್, ಒಂದಾದರೂ ಶಿಸ್ತು ಉಳಿದಿದೆ ಎಂದು ಸಮಾಧಾನಪಟ್ಟೆ. ಟ್ರಾಲಿಯವಳು ಟಾಮ್‌ರ ಬಾಗಿಲಲ್ಲಿ ನಿಂತು, "ಇವತ್ತು ವಿಸ್ಕಿಯೋ ವೈನೋ?" ಎಂದು ಕೇಳಿದಳು. ಊಟಕ್ಕೆ ಮೊದಲು ಒಂದು ಗುಟುಕು, ಡಾಕ್ಟರಿಗೆ ಗೊತ್ತಿದ್ದೇ ಕೊಡುತ್ತಾರೆ. ನಾನು ಬುತ್ತಿ ಬಿಗಿಹಿಡಿದು ರತ್ನಾಳ ಕೋಣೆಗೆ ನಡೆದೆ.

ಒಳಗೆ ರತ್ನಾ ಇಷ್ಟೇ ಇಷ್ಟು ಆಗಿದ್ದಳು. ಕಣ್ಣು ಮಾತ್ರ ಹಾಸ್ಟೆಲಿನವೇ.

"ಬಂದೇನಲೇ ಮೇಟ್ರನ್? ನಾಯಿಗೆ ಹೊಡದಿ ಅಂತ ಕೇಳಿದೆ."

"ಹೊಡೀಲಿಲ್ಲ. ಬರೇ ಕೊಡಿ ತೋರಿಸಿದೆ."

ನಾನು ಬುತ್ತಿ ಬಿಚ್ಚಿದೆ. ಆಕೆ ಒಂದು ಚೂರು ರೊಟ್ಟಿ ಬಾಯಲ್ಲಿಟ್ಟುಕೊಂಡು ಚೀಪುತ್ತ ಕಣ್ಣು ಮುಚ್ಚಿದಳು. ಆಮೇಲೆ ಕೇಳಿದಳು, "ಅಕ್ಕ ಏನಂದಳು?"

"ಹರಳೆಣ್ಣಿ ಕಳಿಸ್ಯಾಳ."

"ಎದಕ್ಕ?"

"ಮೊಣಕಾಲಿಗೆ."

ಆಕೆ ಕಿಟಕಿಯ ಕಡೆ ತಿರುಗಿದಳು. "ಎಲ್ಲಾ ಗೊತ್ತಿದ್ದೂ ಬರೇ ಕಾಲಿನ ಮಾತು. ನಾ ಸಾಯಾಕ ಹತ್ತೀನಿ, ಆಕಿ ಎಣ್ಣಿ ಕಳಸತಾಳ. ನನ್ನ ಜೋಡಿ ಒಂದು ಸಲ ಅತ್ತರ ಆಕಿದೇನು ಹೋಗತಿತ್ತು, ಶಾಂತಾ?"

ಆಗಲೇ ಹೇಳಬೇಕಿತ್ತು. ನಾನು ಎದ್ದು ಹಾಸಿಗೆ ಸರಿಮಾಡಿದೆ. ಹೊದಿಕೆ ಸಡಿಲವಾಗಿ ನೇತಾಡುತ್ತಿತ್ತು. ಕಾಲ್ದೆಸೆಯಲ್ಲಿ ಎರಡೂ ಮೂಲೆ ಮಡಚಿ, ಗಾದಿಯ ಕೆಳಗೆ ಬಿಗಿಯಾಗಿ ತುರುಕಿದೆ. ನಾಣ್ಯ ಹಾಕಿದರೆ ಪುಟಿಯಬೇಕು, ಅದು ನಮ್ಮ ಕಾಲದ ಹಾಸಿಗೆ.

ಗುರುವಾರ: ಯಾರಿಗೂ ಬೇಡವಾದ ಅಂಕಿಗಳು

ನನಗೆ ರತ್ನಾಳ ಕೋಣೆಯಲ್ಲೇ ಒಂದು ಮಡಚುವ ಮಂಚ ಕೊಟ್ಟಿದ್ದರು. ಐದೂವರೆಗೆ ಎದ್ದೆ. ಆರಕ್ಕೆ ಜ್ವರ ನೋಡಿ, ನಾಡಿ ಎಣಿಸಿ, ಬರೆಯಲು ಚಾರ್ಟ್ ಹುಡುಕಿದೆ. ಮಂಚದ ಬುಡದಲ್ಲಿ ಚಾರ್ಟೇ ಇಲ್ಲ. ವಿಮಾನದ ಚೀಟಿಯ ಹಿಂಬದಿಗೆ ಬರೆದು ಅಂಟಿಸಿದೆ. ಏಳು, ಎಂಟು, ಒಂಬತ್ತು ಗಂಟೆಗೂ ಬರೆದೆ. ನಿದ್ದೆಯಲ್ಲಿದ್ದವಳು ಪ್ರತಿ ಸಲವೂ ಒಂದು ಕಣ್ಣು ತೆರೆದು, "ಇನ್ನೂ ಅದೀನಿ" ಅನ್ನುವಳು.

ಹೆಲೆನ್ ಬಂದು ಚೀಟಿಯನ್ನು ಗೌರವದಿಂದ ಓದಿದಳು. "ಬಹಳ ಅಂದವಾಗಿ ಬರೆದಿದ್ದೀರಿ. ಈ ಅಂಕಿ ಇಟ್ಟುಕೊಂಡು ನಾವೀಗ ಏನು ಮಾಡೋಣ?"

ಮೂವತ್ತಮೂರು ವರ್ಷದಲ್ಲಿ ಯಾರೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ. ಇಲ್ಲಿ ಯಾವ ಅಂಕಿಯಿಂದ ರೋಗಿಗೆ ಉಪಯೋಗವಿದೆಯೋ ಅದನ್ನಷ್ಟೇ ನೋಡುತ್ತಾರೆ. ಉಳಿದ ಸಮಯ ರೋಗಿ ಮಲಗಬಹುದು.

ಆದರೆ ಒಂದು ವಿಷಯದಲ್ಲಿ ಅವರು ಗಡಿಯಾರವನ್ನು ನನಗಿಂತ ಬಿಗಿಯಾಗಿ ಹಿಡಿದಿದ್ದರು. ಅದು ಮಾರ್ಫಿನ್. ನಮ್ಮಲ್ಲಿ ಅದು ಎರಡು ಬೀಗದ ಒಳಗಿನ ವಸ್ತು. ರೋಗಿ ಚೀರಿದ ಮೇಲೆ ಯೋಚನೆ, ಯೋಚನೆಯ ಮೇಲೆ ಸಹಿ, ಸಹಿಯ ಮೇಲೆ ಕೀಲಿ. ಅದಕ್ಕೆ ಚಟ ಹತ್ತುತ್ತದೆ, ಉಸಿರು ನಿಲ್ಲುತ್ತದೆ ಎಂದು ನಾವು ಅಂಜುತ್ತಿದ್ದೆವು. ಇಲ್ಲಿ ರತ್ನಾಳ ತಲೆದಿಂಬಿನ ಪಕ್ಕ ಅಂಗೈಯಷ್ಟು ಯಂತ್ರವೊಂದು ದಿನವಿಡೀ ಹನಿಹನಿಯಾಗಿ ಔಷಧ ಬಿಡುತ್ತಿತ್ತು. "ನೋವು ಬಂದ ಮೇಲೆ ಅಟ್ಟಿಸಿಕೊಂಡು ಹೋಗುವುದಿಲ್ಲ, ಬರುವ ಮೊದಲೇ ಬಾಗಿಲಲ್ಲಿ ನಿಲ್ಲುತ್ತೇವೆ" ಎಂದು ಹೆಲೆನ್ ವಿವರಿಸಿದಳು. ಎಷ್ಟು ಬೇಕೋ ಅಷ್ಟನ್ನು ಅಳೆದು, ನೋಡಿಕೊಳ್ಳುತ್ತ ಕೊಟ್ಟರೆ ರೋಗಿ ಮಂಕಾಗುವುದಿಲ್ಲ, ಮಾತಾಡುತ್ತಾನೆ. ಅದು ನಿಜವೇ. ರತ್ನಾ ನನ್ನೊಂದಿಗೆ ಜಗಳ ಆಡುವಷ್ಟು ಎಚ್ಚರವಾಗಿದ್ದಳು.

ಜಗಳ ನಡೆದದ್ದು ಮಂಚದ ತಲೆದೆಸೆಯಲ್ಲಿದ್ದ ಬರೆಯುವ ಹಲಗೆಯ ಬಗ್ಗೆ. ಅದರಲ್ಲಿ ರೋಗಿಯ ಹೆಸರು, ಊರು, ಇಷ್ಟವಾದದ್ದು ಬರೆದಿರುತ್ತಾರೆ. ಆಕೆಯ ಹಲಗೆಯಲ್ಲಿ 'ರಾಯಚೂರು ಜಿಲ್ಲೆ' ಎಂದಿತ್ತು.

"ಕೊಪ್ಪಳ ಜಿಲ್ಲೆ ಅಂತ ಬರೀಬೇಕು," ಅಂದೆ.

"ನಾ ಬಿಟ್ಟಾಗ ರಾಯಚೂರಿತ್ತು. ನನ್ನ ಕೇಳದ ನೀವು ಜಿಲ್ಲಾ ಒಡದ್ರ ನಾ ಏನು ಮಾಡ್ಲಿ?"

ನಾನು ಒರೆಸಿ ಕೊಪ್ಪಳ ಬರೆದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಮತ್ತೆ ರಾಯಚೂರಾಗಿತ್ತು. ಹಾಸಿಗೆಯ ಮೂಲೆಗಳ ಗತಿಯೂ ಅದೇ. ನಾನು ಬಿಗಿಯುವುದು, ನರ್ಸುಗಳು ಬಂದು ಸಡಿಲಿಸುವುದು. ಯಾರೂ ಏನೂ ಅನ್ನುವುದಿಲ್ಲ, ನಗುತ್ತ ಸಡಿಲಿಸುತ್ತಾರೆ. ಸಂಜೆಯ ಹೊತ್ತಿಗೆ ಅಂಕ ನಾಲ್ಕಕ್ಕೆ ನಾಲ್ಕು.

ಶುಕ್ರವಾರ: ಫೋನು

ಬೆಳಗ್ಗೆ ಹತ್ತೂವರೆ. ಹಾಜರಿದ್ದವರು: ರತ್ನಾ, ಹೆಲೆನ್, ನಾನು. ಮರುದಿನ ಶನಿವಾರ.

ಹೆಲೆನ್ ಕುರ್ಚಿ ಎಳೆದು ಕುಳಿತಳು. ಇಲ್ಲಿಯ ನರ್ಸುಗಳು ನಿಂತು ಮಾತಾಡುವುದೇ ಇಲ್ಲ. ವಾರ್ಡಿನಲ್ಲಿ ಕುಳಿತ ನರ್ಸಿಗೆ ನಮ್ಮಲ್ಲಿ ಮೆಮೊ ಬರುತ್ತಿತ್ತು. ಆಕೆ ರತ್ನಾಳನ್ನು ಕೇಳಿದಳು, "ನೀವು ಏನನ್ನಾದರೂ ಕಾಯುತ್ತಿದ್ದೀರಾ?"

"ನಮ್ಮ ಅಕ್ಕ ಒಂದು ಸಲವಾದರೂ ಈ ರೋಗದ ಮಾತು ಎತ್ತಲಿ ಅಂತ," ಎಂದಳು ರತ್ನಾ.

ಹೆಲೆನ್ ನನ್ನ ಕಡೆ ನೋಡಿದಳು. "ಅವರ ಅಕ್ಕ ನಿಮಗೂ ಗೊತ್ತಲ್ಲವೇ? ಅವರು ಯಾಕೆ ಎತ್ತುತ್ತಿಲ್ಲ ಅನ್ನಿಸುತ್ತದೆ?"

ಇಷ್ಟು ಕೇಳಿ ಸುಮ್ಮನಾದಳು. ಪ್ರಶ್ನೆ ಕೇಳಿ ಸುಮ್ಮನೆ ಕೂರುವುದೂ ಅವರಿಗೆ ಕಲಿಸಿದ ಕೆಲಸವಂತೆ. ನಮ್ಮಲ್ಲಿ ಪ್ರಶ್ನೆಯನ್ನೂ ನಾವೇ ಕೇಳಿ ಉತ್ತರವನ್ನೂ ನಾವೇ ಹೇಳಿ ಮುಂದೆ ಹೋಗುತ್ತೇವೆ. ನಾನು ನನ್ನದೇ ನಾಡಿ ಹಿಡಿದೆ. ನಿಮಿಷಕ್ಕೆ ತೊಂಬತ್ತಾರು.

"ರತ್ನಾ," ಅಂದೆ, "ಅಕ್ಕಗ ಗೊತ್ತಿಲ್ಲ. ನಾ ಹೇಳಿಲ್ಲ."

"ಹೇಳೀನಿ ಅಂದಿದ್ದಿಯಲ್ಲ?"

"ಮೊಣಕಾಲು ನೋವು ಅಂತ ಹೇಳೀನಿ."

ಆಕೆ ನನ್ನನ್ನು ನೋಡಿದಳು. ತುಟಿ ಅಲುಗಿತು. ಆಮೇಲೆ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದು, "ನಗಸಬ್ಯಾಡಲೇ, ನೋಯ್ತತಿ" ಎನ್ನುತ್ತ ನಕ್ಕಳು. ಕನ್ನಡ ಬಾರದ ಹೆಲೆನ್ ಕೂಡ ನಕ್ಕಳು. ನಗು ನಿಂತಾಗ ರತ್ನಾಳ ಮುಖ ಬೇರೆಯಾಗಿತ್ತು.

"ಮೂರು ತಿಂಗಳು, ಶಾಂತಾ. ಮೂರು ತಿಂಗಳು ನಾ ಅಕ್ಕನ ಮ್ಯಾಲ ಸಿಟ್ಟು ಇಟಕೊಂಡು ಮಲಗೀನಿ. ನನಗ ಇರೋ ದಿನಾನ ಎಷ್ಟು?"

ನಾನು ತಲೆ ತಗ್ಗಿಸಿದೆ. ಹರಕೆಯ ವಿಷಯವನ್ನೂ, ನಾಳೆಯ ಮೆಟ್ಟಿಲುಗಳನ್ನೂ ಹೇಳಿದೆ.

"ಅಯ್ಯ ನಮ್ಮವ್ವಾ! ಆಕಿ ಮೊಣಕಾಲ ತಗೊಂಡು ಅಂಜನಾದ್ರಿನಾ? ಫೋನ್ ಹಚ್ಚು."

"ನಾನ ಹೇಳತೀನಿ ತಡಿ. ತಪ್ಪು ನಂದು."

"ನೀ ಬಾಯಿ ತೆಗೀಬ್ಯಾಡ. ನೀ ಹೇಳಿದ್ರ ಈ ಸಲ ಹಲ್ಲುನೋವು ಆಗತೈತಿ."

ಅಲ್ಲಿ ಮಧ್ಯಾಹ್ನ ಮೂರರ ಮೇಲೆ. ನೀಲವ್ವಕ್ಕ ಇಂಗ್ಲೆಂಡಿಗೆ ಕೇಳಿಸಬೇಕೆಂದು ಯಾವಾಗಲೂ ಕೂಗಿಯೇ ಮಾತಾಡುವುದು. ಸ್ಪೀಕರ್ ಹಾಕಿದ ಕೂಡಲೇ ಪಕ್ಕದ ಕೋಣೆಯಲ್ಲಿ ನಾಯಿ ಎದ್ದು ನಿಂತಿತು.

"ರತ್ನೀ! ಎಲಿ ಕಟ್ಟಿದ್ಲೇನು ಸಿಸ್ಟರವ್ವ?"

"ಯಕ್ಕಾ, ಸ್ವಲ್ಪ ಕುಂದುರು. ಕುಂತೇನು? ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ನನಗ ಹೊಟ್ಟ್ಯಾಗ ಕ್ಯಾನ್ಸರ್ ಆಗೇತಿ. ಇದು ಗುಣ ಆಗಂಗಿಲ್ಲ. ನಾ ಇನ್ನ ಭಾಳ ದಿನ ಇರಂಗಿಲ್ಲ ಯಕ್ಕಾ."

ಮೊಣಕಾಲು ಬಿಟ್ಟರೆ ಮೂರೇ ಮಾತು. ಹೆಚ್ಚು ಕಡಿಮೆ ನಾನು ಬಸ್ಸಿನಲ್ಲಿ ಸಿದ್ಧ ಮಾಡಿದ್ದವೇ.

ಆ ಕಡೆ ಸಪ್ಪಳವಿಲ್ಲ. ದೂರದಲ್ಲಿ ಒಂದು ಆಡು ಒದರಿದ್ದು ಕೇಳಿಸಿತು. ಏನಾದರೂ ಹೇಳಿ ಆ ಮೌನ ತುಂಬಿಸಬೇಕೆಂದು ನನ್ನ ಬಾಯಿ ತೆರೆಯಿತು. ಹೆಲೆನ್ ನನ್ನ ಮೊಣಕೈ ಮೇಲೆ ಮೆಲ್ಲನೆ ಕೈಯಿಟ್ಟಳು. ಬಾಯಿ ಮುಚ್ಚಿದೆ.

ಕೊನೆಗೆ ನೀಲವ್ವಕ್ಕ, ಈ ಸಲ ಕೂಗದೆ, "ಹಂಗಾರ ಮೊಣಕಾಲು ಛಲೋ ಅದಾವೇನು?" ಅಂದಳು.

"ಛಲೋ ಅದಾವ ಯಕ್ಕಾ."

"ಇರ್ಲಿ. ಅವಾದ್ರೂ ಛಲೋ ಅದಾವಲ್ಲ." ಹೀಗಂದು ಅಳತೊಡಗಿದಳು. ಈ ಕಡೆ ರತ್ನಾ ಕೂಡ ಅತ್ತಳು. ಎಷ್ಟು ಹೊತ್ತು ಎಂದು ನಾನು ಗಡಿಯಾರ ನೋಡಲಿಲ್ಲ. ವರದಿಯಲ್ಲಿ ಆ ಜಾಗ ಖಾಲಿಯಿದೆ.

ಆಮೇಲೆ ನೀಲವ್ವಕ್ಕ ಮೂಗು ಒರೆಸಿಕೊಂಡ ಸಪ್ಪಳ ಬಂತು. "ನೋವು ಭಾಳ ಐತೇನು?"

"ಇಲ್ಲ. ಇಲ್ಲೆ ಛಲೋ ನೋಡಿಕೊಂತಾರ. ನೀ ನಾಳೆ ಬೆಟ್ಟ ಹತ್ತಬ್ಯಾಡ."

"ಹೊತ್ತ ಹರಕಿ ಬಿಡಾಕ ಬರತೈತೇನು? ಮೊಣಕಾಲ ಆರಾಮ ಮಾಡಪಾ ಅಂತ ಬೇಡಿಕೊಂಡಿದ್ದೆ. ಈಗ ಏನ್ ಕೇಳ್ಲಿ? ಗುಣ ಮಾಡು ಅಂತ ಕೇಳಲಾ?"

ರತ್ನಾ ಸ್ವಲ್ಪ ಯೋಚಿಸಿದಳು. "ಅದನ್ನ ಕೇಳಬ್ಯಾಡ. ಇದ್ದಷ್ಟು ದಿನ ನೋವಾಗದಂಗ ಇರ್ಲಿ ಅಂತ ಕೇಳು."

"ಅಷ್ಟನಾ?" ನೀಲವ್ವಕ್ಕನೂ ಯೋಚಿಸಿದಳು. "ಅಷ್ಟಕ್ಕ ಅಷ್ಟೂ ಮೆಟ್ಟಲ ಯಾಕ ಬೇಕು? ಅರ್ಧಾ ಹತ್ತಿ ಕೇಳತೀನಿ. ಹನುಮಪ್ಪಗ ಕಿವಿ ಛಲೋ ಅದಾವ."

ಎರಡು ಕಡೆಯೂ ನಗು. ಆಮೇಲೆ ನನ್ನ ಸರದಿ ಬಂತು.

"ಎಲ್ಲದಾಳ ಆ ಸಿಸ್ಟರವ್ವ? ಫೋನ್ ಕೊಡು ಆಕಿಗೆ. ಏನವಾ, ನನ್ನ ಮಿರ್ಚಿ ತಿಂದು ನನಗ ಸುಳ್ಳು ಹೇಳಿದ್ಯಾ?"

"ತಪ್ಪಾತು ಯಕ್ಕಾ."

"ಊರಿಗೆ ಬಾ, ಮಾತಾಡೂಣು. ಈಗ ಆ ಎಣ್ಣಿ ಐತೋ, ವಿಮಾನದವರು ಕಸಗೊಂಡರೋ?"

"ಎಣ್ಣಿ ಐತಿ. ಎಲಿ ಕಸಗೊಂಡ್ರು."

"ಎಣ್ಣಿ ಬೆಚ್ಚಗ ಮಾಡಿ ಆಕಿ ಅಂಗಾಲಿಗೆ ಹಚ್ಚು. ನಾ ಇದ್ದಿದ್ರ ಹಚ್ಚತಿದ್ದೆ. ಸಣ್ಣಾಕಿದ್ದಾಗ ಅಂಗಾಲಿಗೆ ಎಣ್ಣಿ ಬೀಳದ ನಿದ್ದಿ ಮಾಡತಿರಲಿಲ್ಲ. ಮತ್ತ, ಸಾವಕಾಶ ಹಚ್ಚು. ನಿಮ್ಮ ದವಾಖಾನಿಯಂಗ ತಿಕ್ಕಬ್ಯಾಡ."

ಸಂಜೆ ಹೆಲೆನ್ ಅಡುಗೆಮನೆಯಲ್ಲಿ ಎಣ್ಣೆಯನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿಕೊಟ್ಟಳು. ಇದನ್ನು ಯಾರ ಸೂಚನೆಯೆಂದು ದಾಖಲಿಸಲಿ ಎಂದು ಕೇಳಿದಳು. ಅಕ್ಕನ ಸೂಚನೆ ಅಂದೆ. ಹಾಗೇ ಬರೆದುಕೊಂಡಳು.

ನಾನು ಕುರ್ಚಿ ಎಳೆದು ಕುಳಿತೆ. ರೋಗಿಯ ಪಕ್ಕ ಹೀಗೆ ಕುಳಿತು ಕೆಲಸ ಮಾಡಿದ್ದು ಅದೇ ಮೊದಲು. ಹೊದಿಕೆ ಎಳೆದರೆ ಬರಲಿಲ್ಲ. ಮಧ್ಯಾಹ್ನ ನಾನೇ ಐದನೇ ಸಲ ಬಿಗಿದಿದ್ದೆ. ಎರಡು ದಿನದಿಂದ ನಾನು ಬಿಗಿದಾಗಲೆಲ್ಲ ಅದರೊಳಗೆ ರತ್ನಾಳ ಪಾದಗಳು ಒಂದರ ಮೇಲೊಂದು ಬಿದ್ದು ಸೆಟೆಯುತ್ತಿದ್ದವು. ಆಕೆ ಬಾಯಿಬಿಟ್ಟು ಹೇಳಿರಲಿಲ್ಲ.

"ಹೇಳಬಾರದಾ?" ಅಂದೆ.

"ನೀ ಅಷ್ಟ ದೂರದಿಂದ ಬಂದೀದಿ. ನಿನಗರ ಒಂದು ಕೆಲಸ ಬೇಕಲ್ಲ."

ಹೊದಿಕೆಯನ್ನು ಪಕ್ಕದಿಂದ ಮೇಲೆತ್ತಿ ಎಣ್ಣೆ ಹಚ್ಚಿದೆ. ಬಲಗಾಲು ಮುಗಿಸಿ ಎಡಗಾಲು ಹಿಡಿಯುವಷ್ಟರಲ್ಲಿ ಆಕೆಗೆ ನಿದ್ದೆ ಹತ್ತಿತ್ತು. ಬಾಟಲಿಯ ಮುಚ್ಚಳ ಹಾಕಿದೆ. ಕೈ ತೊಳೆದೆ.

ಸಂಜೆ ಆರೂ ನಲವತ್ತು. ಹಾಜರಿದ್ದವರು: ರತ್ನಾ, ನಾನು, ಬಾಗಿಲಲ್ಲಿ ಟಾಮ್‌ರ ನಾಯಿ. ಜ್ವರ ನೋಡಿಲ್ಲ, ನಾಡಿ ಎಣಿಸಿಲ್ಲ. ಕೊನೆಯ ಕೆಲಸ: ಕಾಲ್ದೆಸೆಯಲ್ಲಿ ಹೊದಿಕೆಯ ಎರಡೂ ಮೂಲೆಗಳನ್ನು ಗಾದಿಯ ಕೆಳಗಿನಿಂದ ಹೊರಗೆಳೆದು, ಸಡಿಲವಾಗಿ ಬಿಟ್ಟೆ.